ನೀವು ಕೊಟ್ಟ ಫೋನು, ನಾನು ಕೊಂಡ ಫೋನು

ನಮ್ಮ ಮನೆ, ಬಂಗಾರಪೇಟೆ ತಾಲ್ಲೂಕು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಯಜಮಾನರಿಗೆ ಅರ್ಚನ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಆರೋಗ್ಯ. ಹೋದ ವಾರ ವಿಡಿಯೋ ಕಾಲಿನಲ್ಲಿ ಬಹಳ ಕೆಮ್ಮುತ್ತಿದ್ದಿರಿ. ಮಸ್ಕತ್ತಿನ ಏಸಿ ಗಾಳಿ ಎದೆಗೆ ಕೂತಿದೆ ಎಂದಿರಿ. ಪಕ್ಕದಲ್ಲೇ ಇದ್ದ ಲಿಖಿತ, ಅಪ್ಪನಿಗೆ ಕಷಾಯ ಕಾಯಿಸಿಕೊಡುವವರು ಯಾರೂ ಇಲ್ಲವಲ್ಲ ಎಂದು ಅರ್ಧ ಊಟಕ್ಕೇ ಎದ್ದುಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಶುಂಠಿ ಕಷಾಯ ಕುಡಿಯಿರಿ. ತಲೆಗೆ ಮಫ್ಲರ್ ಸುತ್ತಿಕೊಳ್ಳಿ. ಈ ಚಳಿಯಲ್ಲಿ ಬರೀ ಬನಿಯನ್ ಹಾಕಿಕೊಂಡು ಹಾಲಿನ ಪ್ಯಾಕೆಟ್ ತರಲು ಬೀದಿಗೆ ಬರಬೇಡಿ. ಹಸು ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದವರು ನೀವು, ಪ್ಯಾಕೆಟ್ ಹಾಲು ಬಾಯಿಗೆ ಹೇಗೆ ಹಿಡಿಸುತ್ತಿದೆಯೋ ಪಾಪ. ಯಾವ ಹಾಲು, ಯಾವ ಬೀದಿ ಎಂದು ಹುಬ್ಬು ಗಂಟಿಕ್ಕಬೇಡಿ. ಎಲ್ಲ ಬರೆಯುತ್ತೇನೆ, ಕೂತುಕೊಂಡು ಓದಿ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಬಾಯಿ ತೆಗೆದರೆ ನೀವು ಕಟ್ ಮಾಡುತ್ತೀರಿ, ಆಮೇಲೆ ನೆಟ್‌ವರ್ಕ್ ಹೋಯಿತು ಎನ್ನುತ್ತೀರಿ. ಮೆಸೇಜು ಕಳಿಸಿದರೆ ಎರಡು ಸಾಲು ಓದಿ ಅಳಿಸಿಬಿಡುತ್ತೀರಿ. ಅಳಿಸುವುದರಲ್ಲಿ ನಿಮ್ಮ ಕೈ ಎಷ್ಟು ಚುರುಕು ಎಂದು ನನಗೆ ಗೊತ್ತಾಗಿದೆ. ಕಾಗದವನ್ನು ಹರಿದು ಹಾಕಬಹುದು, ಹಾಕಿ. ಆದರೆ ಓದದೆ ಹರಿಯುವಷ್ಟು ಧೈರ್ಯ ನಿಮಗಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನೀವು ಹಿಂದಿನ ಸಲ ರಜಕ್ಕೆ ಬಂದಾಗ ಆ ಐಫೋನನ್ನು ನನ್ನ ಕೈಗಿಟ್ಟ ಗಳಿಗೆ ನೆನಪಿದೆಯೇ? ಜಗುಲಿ ತುಂಬ ಜನ. ನಿಮ್ಮ ದೊಡ್ಡಪ್ಪ ರಾಮಚಂದ್ರಪ್ಪನವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಹಳೇ ಆಂಡ್ರಾಯ್ಡ್ ಫೋನನ್ನು ನೀವು ಎರಡು ಬೆರಳಲ್ಲಿ ಇಲಿ ಬಾಲ ಹಿಡಿದ ಹಾಗೆ ಎತ್ತಿ, "ಇದು ಕೂಲಿಯೋರ್ ಫೋನು. ಬಾಲಾಜಿ ಎಂಡ್ತಿ ಕೈಲಿ ಇದಿರ್ಬಾರ್ದು" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲೇ ಕೂತು ನೀವೇ ಅದನ್ನು ಸಿದ್ಧ ಮಾಡಿದಿರಿ. ನಿಮ್ಮದೇ ಅಕೌಂಟು, ನಿಮ್ಮದೇ ಪಾಸ್‌ವರ್ಡು. ನನ್ನದೊಂದು ಬೇರೆ ಮಾಡಬಾರದೇ ಎಂದಾಗ, "ಗಂಡ ಎಂಡ್ತಿಗೆ ಬೇರೆ ಬೇರೆ ಯಾಕೆ? ಒಂದೇ ಸಂಸಾರ, ಒಂದೇ ಅಕೌಂಟು" ಎಂದು ನನ್ನ ಕೆನ್ನೆ ತಟ್ಟಿದಿರಿ. ಇಷ್ಟು ಪ್ರೀತಿ ಯಾವ ಗಂಡನಿಗಿದೆ ಎಂದು ಅವತ್ತು ಒಳಗೊಳಗೇ ಉಬ್ಬಿದ್ದೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ.

ನೀವು ಮಸ್ಕತ್ತಿಗೆ ಮರಳಿದ ಮೇಲೆ ಚುಕ್ಕಿಯ ಆಟ ಶುರುವಾಯಿತು. "ಏನಮ್ಮಾ, ಆಲಿನ ಸೊಸೈಟಿ ಅತ್ರ ನಿಂತಿದ್ದೀಯ?" ಎಂದು ಕರೆ ಮಾಡುತ್ತಿದ್ದಿರಿ. ಅಯ್ಯೋ, ಹೇಗೆ ಗೊತ್ತಾಯಿತು ಎಂದು ನಾನು ಬೆರಗಾದರೆ, "ನಿನ್ನ ಚುಕ್ಕಿ ನನ್ ಮ್ಯಾಪಲ್ಲಿ ಐತೆ, ನನ್ ಕಣ್ ತಪ್ಪಿಸ್ಕೊಂಡ್ ಎಲ್ಲಿಗ್ ಓಗ್ತೀಯ?" ಎಂದು ನಗುತ್ತಿದ್ದಿರಿ. ಬರಬರುತ್ತಾ ನಗು ಹೋಯಿತು, ಪ್ರಶ್ನೆ ಮಾತ್ರ ಉಳಿಯಿತು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತು ಯಾಕೆ? ಬೀದಿ ಕೊನೆಯ ಮನೆಯಲ್ಲಿ ಯಾರಿದ್ದರು? ಲಿಖಿತಳ ಸ್ಕೂಲಿನವರು ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೂ ನಿಮ್ಮ ಪಾಸ್‌ವರ್ಡಿಗಾಗಿ ಕಾಯಬೇಕಿತ್ತು, ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಿತ್ತು. ಊರಲ್ಲಿ ಯಾರನ್ನು ಕೇಳಿದರೂ, "ಅಯ್ಯೋ, ಅದು ಆಪಲ್ಲು, ನಮ್ಗೊತ್ತಾಗಲ್ಲ ತಾಯಿ" ಎಂದು ದೂರ ಸರಿಯುತ್ತಿದ್ದರು. ಅದರ ಬಾಗಿಲಿಗೆ ಒಂದೇ ಬೀಗದಕೈ, ಅದು ನಿಮ್ಮ ಉಡಿದಾರದಲ್ಲಿ.

ಆದರೂ ಆ ಫೋನಿನ ಮೇಲೆ ನನಗೆ ಮೋಹ ಹುಟ್ಟಿತ್ತು, ಅದರ ಕ್ಯಾಮೆರಾದಿಂದ. ಹಸುವಿನ ಕಣ್ಣಿನ ರೆಪ್ಪೆ ಒಂದೊಂದೂ ಕಾಣುವ ಹಾಗೆ ತೆಗೆಯುತ್ತಿತ್ತು. ಲಿಖಿತಳ ಹುಟ್ಟುಹಬ್ಬಕ್ಕೆ ಕೇಕ್ ತರಲು ಆಂಡರ್ಸನ್‌ಪೇಟೆಯ ರಾಧಾಮಣಿ ಅಕ್ಕನ ಮನೆಗೆ ಹೋದವಳು ಸುಮ್ಮನೆ ಒಂದು ಫೋಟೋ ತೆಗೆದೆ. ಅಕ್ಕ ಮನೆಯಲ್ಲೇ ಕೇಕ್ ಮಾಡಿ ಕೆಜಿಎಫ್ ಎಲ್ಲ ಕಡೆ ಕೊಡುವವರು. ಆ ಫೋಟೋ ನೋಡಿ, "ಅಯ್ಯೋ ಕಣ್ಣು, ನಾನು ಮಾಡಿದ್ದಕ್ಕಿಂತ ನೀನು ತೆಗ್ದಿದ್ದೇ ರುಚಿಯಾಗ್ ಕಾಣ್ತದಲ್ಲ" ಎಂದರು. ಅದರಿಂದ ಆರ್ಡರ್ ಹೆಚ್ಚಾಯಿತು. ಆಮೇಲೆ ವಾರದಲ್ಲಿ ಒಂದೆರಡು ಮಧ್ಯಾಹ್ನ ಹೋಗತೊಡಗಿದೆ. ಕಿಟಕಿಯ ಬೆಳಕಿಗೆ ಕೇಕನ್ನು ತಿರುಗಿಸಿಟ್ಟು, ಹಿಂದೆ ಅವರ ಹಳದಿ ಸೀರೆಯೊಂದನ್ನು ಇಳಿಬಿಟ್ಟು ಫೋಟೋ ತೆಗೆಯುವುದು, ಬಂದ ಆರ್ಡರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಅಕ್ಕ ಅದಕ್ಕೆ ಕೂಲಿ ಕೊಡುತ್ತಿದ್ದರು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದಿರಿ. ನನ್ನದು ಎನ್ನುವ ಒಂದು ಕೆಲಸ ಮದುವೆಯಾದ ಮೇಲೆ ಅದೇ ಮೊದಲನೆಯದು.

ಆ ದಿನಗಳಲ್ಲೇ ನಮ್ಮಪ್ಪ ಬಂದಿದ್ದರು. ಕೊಟ್ಟಿಗೆಯಲ್ಲಿ ಕೂತಿದ್ದ ಅಪ್ಪನ ಕಿವಿಯನ್ನು ಎಳೆಗರು ನೆಕ್ಕಿತು. ಅಪ್ಪ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂದು, "ಬುಡ್ಸೇ ಅರ್ಚನಾ, ಇದು ನನ್ ಕಿವೀನೇ ತಿಂದಾಕ್ತದೆ" ಎಂದು ಕೂಗಿದರು. ಅದನ್ನು ವಿಡಿಯೋ ತೆಗೆದೆ. ಅದಾದ ಸ್ವಲ್ಪ ದಿನಕ್ಕೇ ಅಪ್ಪ ಹೋದರು. ಚಿಕ್ಕವೆಂಕಟಪ್ಪ ಎಂಬ ಮನುಷ್ಯ ಬಾಯ್ತುಂಬ ನಕ್ಕ ಗುರುತು ಈ ಭೂಮಿಯ ಮೇಲೆ ಅದೊಂದೇ ಇತ್ತು. ಮನಸ್ಸು ಕುಗ್ಗಿದಾಗ ಕೊಟ್ಟಿಗೆಯ ಮೂಲೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ನೀವು ಮುಂಚೆಯೇ ದೊಡ್ಡಪ್ಪನವರಿಗೆ ಫೋನು ಮಾಡಿ, ಅಕ್ಕಪಕ್ಕದ ಹಿರಿಯರನ್ನೂ ಕರೆಸಿದ್ದಿರಿ. ಕಾಫಿ ಮಾಡಿಕೊಟ್ಟವಳು ನಾನೇ, ಯಾಕೆ ಬಂದಿದ್ದಾರೆಂದು ತಿಳಿಯದೆ. ಜಗುಲಿಯ ಗೂಡಿನಲ್ಲಿ ಚೊಂಬಿಗೆ ಆನಿಸಿಟ್ಟ ಫೋನಿನಿಂದ ನಿಮ್ಮ ಮುಖ ಮಾತಾಡಿತು. "ವಾರ ವಾರ ಆಂಡರ್ಸನ್‌ಪೇಟೇಲಿ ಒಂದೇ ಮನೇಲಿ ಇವ್ಳ ಚುಕ್ಕಿ ನಿಲ್ತದೆ. ಇಚಾರಿಸ್ದೆ. ಸೆಲ್ವರಾಜ್ ಅನ್ನೋನ್ ಮನೆ." ಆಮೇಲೆ ನೀವು ನನ್ನ ಫೋಟೋಗಳನ್ನೇ ಎಲ್ಲರಿಗೂ ಕಳಿಸಿದಿರಿ. ಕೇಕಿನ ಪಕ್ಕ ಚಾಕು ಹಿಡಿದ ಒಂದು ಗಂಡಸಿನ ಕೈ. "ಆ ಕೈ ಯಾರ್ದು ಕೇಳಿ." ರಾಧಾಮಣಿ ಅಕ್ಕನ ಗಂಡನದು, ಅಕ್ಕ ಅಲ್ಲೇ ಪಕ್ಕದಲ್ಲಿದ್ದರು, ದೊಡ್ಡ ಕೇಕನ್ನು ಅವರು ಹಿಡಿದುಕೊಡುತ್ತಾರೆ, ಅಷ್ಟೇ ಎಂದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. "ಚುಕ್ಕಿ ಸುಳ್ ಏಳಲ್ಲ" ಎಂದಿರಿ. ನಿಮ್ಮ ತಾಯಿ ಎದ್ದು ನಿಂತು, "ಗಂಡ ಮರಳುಗಾಡಲ್ಲಿ ಬೇಯ್ತಾವ್ನೆ, ನಿಂಗೆ ಇಲ್ಲಿ ಕೇಕ್ ಬೇಕಾಯ್ತಾ?" ಎಂದು ಕೂಗಿದರು. ಆಯಮ್ಮ ಒಬ್ಬಳೇ ಊರು ದಾಟಬಾರದು ಎಂದು ದೊಡ್ಡಪ್ಪ ತೀರ್ಮಾನ ಹೇಳಿದರು. ಬಾಗಿಲ ಸಂದಿಯಲ್ಲಿ ಲಿಖಿತ ನಿಂತಿದ್ದಳು. ನನ್ನ ಮಗಳು ನನ್ನ ಮುಖವನ್ನು ನೋಡದೆ ನೆಲ ನೋಡಿದಳು. ಆ ನೋಟಕ್ಕೆ ನಿಮ್ಮಿಂದ ಲೆಕ್ಕ ಪಡೆಯುತ್ತೇನೆ ಎಂದು ಆ ಜಗುಲಿಯ ಮೇಲೆಯೇ ಅಂದುಕೊಂಡೆ.

ಅಷ್ಟಕ್ಕೆ ನಿಮ್ಮ ಹೊಟ್ಟೆ ತಣ್ಣಗಾಗಲಿಲ್ಲ. ಅವತ್ತೇ ಸಂಜೆ ಕರೆ ಮಾಡಿ, "ಇನ್ ಆ ಫೋನಲ್ಲಿ ಕೇಕೂ ಇರಲ್ಲ, ಕೈಯೂ ಇರಲ್ಲ" ಎಂದಿರಿ. ತೆಗೆದು ನೋಡಿದರೆ ಒಂದು ಫೋಟೋನೂ ಇಲ್ಲ. ನಿಮ್ಮ ಫೋನಿನಲ್ಲಿ ಅಳಿಸಿದರೆ ನನ್ನದರಲ್ಲೂ ಹೋಗುತ್ತದಂತೆ, ಒಂದೇ ಸಂಸಾರವಲ್ಲವೇ. ಕೇಕು ಹೋಯಿತು, ಕೈ ಹೋಯಿತು, ಲಿಖಿತ ಸ್ಕೂಲಿನಲ್ಲಿ ಕೋಲಾಟ ಆಡಿದ್ದು ಹೋಯಿತು, ಅಪ್ಪ ನಕ್ಕಿದ್ದು ಹೋಯಿತು. ಅಪ್ಪನದೊಂದನ್ನು ವಾಪಸ್ ಕೊಡಿ ಎಂದು ನಾನು ಅತ್ತು ಬೇಡಿದ್ದನ್ನು ನೀವು ಮರೆತಿರಬಹುದು. "ಸತ್ತೋರ್ ಇಡಿಯೋ ಇಟ್ಕೊಂಡು ಏನ್ಮಾಡ್ತೀಯ" ಎಂದಿರಿ. ನಾನು ಮರೆತಿಲ್ಲ.

ಬಹಳ ದಿನ ಮನೆ, ಕೊಟ್ಟಿಗೆ, ಬಾವಿ ಅಷ್ಟೇ ನನ್ನ ಲೋಕವಾಯಿತು. ಕೊನೆಗೆ ಲಿಖಿತಳ ಯೂನಿಫಾರ್ಮ್ ಹೊಲಿಸುವ ನೆಪದಲ್ಲಿ ಅತ್ತೆಯಿಂದ ಒಪ್ಪಿಗೆ ಪಡೆದು ರಾಬರ್ಟ್‌ಸನ್‌ಪೇಟೆಗೆ ಹೋದೆ. ಮಾರ್ಕೆಟ್ ಹತ್ತಿರ ಕಲ್ಪನ ಎಂಬ ಹುಡುಗಿಯ ಫೋನಿನ ಅಂಗಡಿಯಿದೆ. ಅಪ್ಪನ ವಿಡಿಯೋ ತೆಗೆದುಕೊಡು ಎಂದೆ. ಅವಳು ಹುಡುಕಿ ಹುಡುಕಿ, "ಅಳಿಸಿದ್ದು ಒಂದ್ ತಿಂಗ್ಳು ಕಸದ ಬುಟ್ಟೀಲಿ ಇರ್ತದೆ ಅಕ್ಕ. ಆಮೇಲೆ ದೇವ್ರೇ ಬಂದ್ರೂ ಸಿಗಲ್ಲ. ಸ್ವಲ್ಪ ಮುಂಚೆ ಬರ್ಬಾರ್ದಾಗಿತ್ತಾ?" ಎಂದಳು. ಬರಬಾರದಾಗಿತ್ತೇ ಎಂದು ನನ್ನನ್ನು ಕೇಳುತ್ತಾಳೆ! ಆ ಒಂದು ತಿಂಗಳು ನೀವು ನನ್ನನ್ನು ಮನೆಯೊಳಗೆ ಕೂಡಿಹಾಕಿದ್ದಿರಿ.

ನಾನು ಅಳುವುದನ್ನು ನೋಡಲಾರದೆ ಅವಳು ಫೋನನ್ನು ಇನ್ನೂ ಕೆದಕುತ್ತಿದ್ದಳು. ಇದು ಯಾರ ಅಕೌಂಟು ಎಂದು ಕೇಳಿದಳು. ನಮ್ಮ ಯಜಮಾನರದು, ಮಸ್ಕತ್ತಿನಲ್ಲಿದ್ದಾರೆ, ಅಲ್ಲಿಂದಲೇ ನನ್ನ ಚುಕ್ಕಿ ನೋಡುತ್ತಾರೆ ಎಂದೆ. "ಅವ್ರಿಗೆ ನೀವ್ ಕಂಡ್ರೆ ನಿಮ್ಗೂ ಅವ್ರು ಕಾಣ್ಬೇಕಲ್ಲ ಅಕ್ಕ, ಒಂದೇ ಅಕೌಂಟು" ಎನ್ನುತ್ತಾ ಯಾವುದೋ ಹಸಿರು ಗುಂಡಿ ಒತ್ತಿದಳು. ಮ್ಯಾಪು ಬಂತು. ನನ್ನ ಚುಕ್ಕಿ ರಾಬರ್ಟ್‌ಸನ್‌ಪೇಟೆಯಲ್ಲಿ. ಇನ್ನೊಂದು ಚುಕ್ಕಿಯ ಮೇಲೆ 'ಬಾಲಾಜಿ' ಎಂದಿತ್ತು. ಕಲ್ಪನ ನನ್ನನ್ನೂ ಫೋನನ್ನೂ ನೋಡಿದಳು. "ರಜಕ್ಕೆ ಬಂದವ್ರಾ ಅಕ್ಕ?" ಇಲ್ಲ ಎಂದೆ. "ಇದು ಕುಪ್ಪಂ ತೋರಿಸ್ತಾ ಅದೆ."

ಕುಪ್ಪಂ! ಬಂಗಾರಪೇಟೆಯಿಂದ ರೈಲು ಹತ್ತಿದರೆ ತಿಂಡಿ ಅರಗುವುದರೊಳಗೆ ಆಂಧ್ರದ ಕುಪ್ಪಂ. ಫೋನು ಕದ್ದಿರಬಹುದು, ಮ್ಯಾಪು ಕೆಟ್ಟಿರಬಹುದು ಎಂದು ನಾನೇ ನಿಮ್ಮ ಪರವಾಗಿ ವಾದ ಮಾಡಿದೆ. ಆಗ ನಿಮ್ಮ ವಿಡಿಯೋ ಕಾಲುಗಳು ನೆನಪಾದವು. ಕೆಲವು ತಿಂಗಳಿಂದ ನಿಮ್ಮ ಹಿಂದೆ ಸದಾ ಒಂದೇ ನೀಲಿ ಪರದೆ. ಒಂದು ಸಲ ತರಕಾರಿ ಗಾಡಿಯ ಮೈಕಿನಲ್ಲಿ ಯಾರೋ "ವಂಕಾಯಲು, ಟಮಾಟಾಲು" ಎಂದು ಕೂಗಿದ್ದು ಕೇಳಿ ಲಿಖಿತ ನಕ್ಕಾಗ, "ಇಲ್ಲಿ ಎಲ್ಲಾ ತೆಲುಗೋರೇ ಕಣಮ್ಮ" ಎಂದಿದ್ದಿರಿ. ಚುಕ್ಕಿ ಸುಳ್ಳು ಹೇಳುವುದಿಲ್ಲ ಎಂದು ಹತ್ತು ಜನರ ಮುಂದೆ ನನಗೆ ಪಾಠ ಹೇಳಿದವರು ನೀವು. ನಿಮ್ಮ ಮಾತನ್ನೇ ನಂಬಿದೆ.

ಆ ಹೊತ್ತಿನಲ್ಲಿ ನನಗೆ ಅಳು ನಿಂತುಹೋಯಿತು. ನನಗೊಂದು ಫೋನು ಬೇಕು ಎಂದೆ. ಇದನ್ನೇ ನನ್ನ ಹೆಸರಿಗೆ ಮಾಡಿಕೊಡಬಹುದೇ ಎಂದರೆ, ನಿಮ್ಮ ಪಾಸ್‌ವರ್ಡ್ ಇಲ್ಲದೆ ಆಗುವುದಿಲ್ಲವಂತೆ. "ಇದು ನಿಮ್ ಕೈಲಿರೋ ಅವ್ರ ಫೋನು ಅಕ್ಕ" ಎಂದಳು ಆ ಹುಡುಗಿ. ಗಾಜಿನ ಮೇಲೆ ಎರಡು ಫೋನು ತಂದಿಟ್ಟಳು. ಒಂದು ಹಳೇ ಮಾಡೆಲ್ಲಿನ ಐಫೋನು, ಒಂದು ಹೊಸ ಆಂಡ್ರಾಯ್ಡು. ಬೆಲೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಸೀರೆ ಅಂಗಡಿಯಲ್ಲೂ ನಾನು ಇಷ್ಟು ಹೊತ್ತು ಯೋಚಿಸಿದವಳಲ್ಲ. ನನ್ನ ಬೆರಳಿಗೆ ಐಫೋನಿನ ದಾರಿ ಗೊತ್ತಿತ್ತು. ಅಂಗಡಿಯಲ್ಲಿದ್ದ ಮಲ್ಲಿಗೆ ಹಾರವನ್ನು ಎರಡರಲ್ಲೂ ತೆಗೆದು ನೋಡಿದೆ. ಐಫೋನಿನಲ್ಲಿ ಹೂವು ಹೂವಿನ ಹಾಗೇ ಇತ್ತು, ಇನ್ನೊಂದರಲ್ಲಿ ಯಾಕೋ ಸ್ವಲ್ಪ ನೀಲ ಹಾಕಿ ಒಗೆದ ಪಂಚೆಯ ಹಾಗೆ. ಕೇಕಿನ ಬಿಳಿ ಕ್ರೀಮಿಗೆ ಯಾವುದು ಒಳ್ಳೆಯದೆಂದು ಹೇಳಬೇಕಾಗಿರಲಿಲ್ಲ. ಕೈ ಐಫೋನಿನ ಕಡೆಗೇ ಹೋಗಿತ್ತು.

ಇವೆರಡರಲ್ಲಿ ನನ್ನ ಗಂಡನಿಗೆ ನನ್ನ ಸುದ್ದಿ ಹೇಳದೆ ಇರುವುದು ಯಾವುದು ಎಂದು ಕೇಳಿದೆ. ಕಲ್ಪನ ನಗಲಿಲ್ಲ. "ಎರಡೂ ನಾಯಿಗಳೇ ಅಕ್ಕ. ಯಾರು ಪಾಸ್‌ವರ್ಡ್ ಇಡ್ತಾರೋ ಅವ್ರಿಗೆ ಬಾಲ ಅಲ್ಲಾಡಿಸ್ತವೆ. ನೀವೇ ಇಟ್ಕೊಳ್ಳಿ, ಯಾರಿಗೂ ಹೇಳ್ಬೇಡಿ, ಯಾವ್ದಾದ್ರೂ ನಿಮ್ದೇ" ಎಂದಳು. ಹಾಗಾದರೆ ಕಷ್ಟ ಬಂದಾಗ ಯಾರನ್ನು ಕೇಳಲಿ ಎಂಬುದೊಂದೇ ಉಳಿಯಿತು. ಐಫೋನು ಕೆಟ್ಟರೆ ನನಗೆ ಗೊತ್ತಿದ್ದವರು ನೀವೊಬ್ಬರೇ. ಆಂಡ್ರಾಯ್ಡು ಕೆಟ್ಟರೆ? ರಾಧಾಮಣಿ ಅಕ್ಕನ ಹತ್ತಿರ ಅದೇ, ಸೊಸೈಟಿಯ ಸೆಕ್ರೆಟರಿ ಹತ್ತಿರ ಅದೇ, ಸ್ಕೂಲಿನ ಟೀಚರ್ ಹತ್ತಿರ, ಬಸ್ಸಿನಲ್ಲಿ ಪಕ್ಕದ ಸೀಟಿನವಳ ಹತ್ತಿರ, ನಾಟಿ ಮಾಡಲು ಬರುವ ಹೆಂಗಸರ ಹತ್ತಿರ ಎಲ್ಲ ಅದೇ. ಯಾರ ಮುಂದೆ ಹಿಡಿದರೂ "ಕೊಡಿಲ್ಲಿ" ಎಂದು ಇಸಿದುಕೊಂಡು ಸರಿಮಾಡುತ್ತಾರೆ. ಒಬ್ಬನನ್ನೇ ನೆಚ್ಚಿಕೊಂಡು ಬದುಕಿದ್ದು ಸಾಕಾಗಿತ್ತು. ಅಕ್ಕ ಕೊಟ್ಟ ಕೂಲಿ ದುಡ್ಡಿನಲ್ಲಿ ಕೂಲಿಯವರ ಫೋನನ್ನೇ ಕೊಂಡೆ. ನೀವು ಹೀಯಾಳಿಸಿದ್ದು ಎಂಬ ಕಾರಣಕ್ಕೂ ಕೊಂಡೆ ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಪಾಸ್‌ವರ್ಡ್ ಒತ್ತುವಾಗ ಆ ಹುಡುಗಿ ಮುಖವನ್ನು ಆಚೆ ತಿರುಗಿಸಿ ನಿಂತಳು. ಮರೆತರೆ ನೆನಪಿಸಲು ಇನ್ನೊಂದು ನಂಬರ್ ಬೇಕು, ಗಂಡನದು ಹಾಕಲೇ ಎಂದಳು. ರಾಧಾಮಣಿ ಅಕ್ಕನದು ಹಾಕು ಎಂದೆ.

ನಿಮ್ಮ ಐಫೋನನ್ನು ನಾನು ಎಸೆಯಲಿಲ್ಲ. ಚಾರ್ಜು ಹಾಕಿ ಅಡುಗೆಮನೆಯ ಶೆಲ್ಫಿನ ಮೇಲೆ ಕೂರಿಸಿದೆ. ಅದು ಪತಿವ್ರತೆಯ ಹಾಗೆ ಮನೆ ಬಿಟ್ಟು ಕದಲಲಿಲ್ಲ. ನಾನು ಬಸ್ಸು ಹತ್ತಿ ಆಂಡರ್ಸನ್‌ಪೇಟೆಗೆ ಹೋಗಿಬರುತ್ತಿದ್ದೆ. ಹೊಲಿಗೆ ಕಲಿಯುತ್ತೇನೆ ಎಂದು ಹೇಳಿ ಅತ್ತೆಯನ್ನು ಒಪ್ಪಿಸಿದ್ದೆ. ಸಂಜೆ ನೀವು ಕರೆ ಮಾಡಿ, "ಈಗ್ ನೋಡು, ಎಂಗಸ್ರು ಅಂದ್ರೆ ಇಂಗಿರ್ಬೇಕು, ಮನೇಲೇ ಚುಕ್ಕಿ" ಎಂದು ಹೊಗಳುತ್ತಿದ್ದಿರಿ. ನಾನು ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದೆ. ನಗು ತಡೆಯಲು ಸೆರಗನ್ನು ಕಚ್ಚಬೇಕಾಗುತ್ತಿತ್ತು. ಕರೆ ಮುಗಿದ ಮೇಲೆ ಹಸಿರು ಗುಂಡಿ ಒತ್ತಿ ನಿಮ್ಮ ಚುಕ್ಕಿ ನೋಡುತ್ತಿದ್ದೆ. ಮಾರ್ಕೆಟ್ಟಿಗೆ ಹೋಗಿ ಬಂತು. ಭಾನುವಾರ ಟಾಕೀಸಿನಲ್ಲಿ ಕೂತಿತು. ಆಮೇಲೆ ತಪ್ಪದೆ ಒಂದೇ ಬೀದಿಯ ಒಂದೇ ಮನೆಗೆ ಮರಳಿತು. ನೀವು ನನ್ನನ್ನು ನೋಡುತ್ತಾ ಅನುಭವಿಸಿದ ಸುಖ ಎಂಥದ್ದೆಂದು ಆಗ ಅರ್ಥವಾಯಿತು. ಕೆಟ್ಟ ಸುಖ. ಆದರೆ ಸುಖವೇ.

ನಾನು ಯಾರಿಗೂ ಹೇಳಲಿಲ್ಲ. ನನ್ನ ಮಾತು ಆ ಜಗುಲಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂದು ಗೊತ್ತಿತ್ತು. ಸುಳ್ಳು ಎನ್ನಲಾಗದ ಒಂದು ಸಾಕ್ಷಿ ಬೇಕಿತ್ತು. ನಿಮ್ಮ ತಾಯಿಗೆ ಕಣ್ಣು ಮಂಜಾಗಿದೆ ಎಂದು ನೀವೇ ಆಗಾಗ ಚಿಂತೆ ಮಾಡುತ್ತಿದ್ದಿರಲ್ಲ. "ಅತ್ತೆ, ಕುಪ್ಪಂನಲ್ಲಿ ಒಳ್ಳೇ ಕಣ್ಣಿನ ಡಾಕ್ಟರಿದ್ದಾರಂತೆ, ಬನ್ನಿ" ಎಂದೆ. ಡಾಕ್ಟರಿದ್ದದ್ದೂ ನಿಜ, ಆಮೇಲೆ ತೋರಿಸಿದ್ದೂ ನಿಜ. ಬೆಳಗಿನ ರೈಲಿಗೆ ಹೋದೆವು. ಆಸ್ಪತ್ರೆ ತೆರೆಯಲು ಇನ್ನೂ ಹೊತ್ತಿದೆ, ಟೀ ಕುಡಿಯೋಣ ಎಂದು ಆ ಬೀದಿಗೆ ಕರೆದುಕೊಂಡು ಹೋಗಿ, ಆ ಮನೆಯ ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂರಿಸಿದೆ. "ವಂಕಾಯಲು" ಎಂದು ಮೈಕಿನ ಗಾಡಿ ಹೋಯಿತು. ಅತ್ತೆ ತಲೆಯೆತ್ತಿ, ಎಲ್ಲೋ ಕೇಳಿದ ದನಿ ಎನ್ನುವ ಹಾಗೆ ನೋಡಿದರು.

ಆಗ ನೀವು ಬಂದಿರಿ. ಲುಂಗಿ, ಬನಿಯನ್, ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್. ಗೇಟಿನಲ್ಲಿ ರಂಗೋಲಿ ಹಾಕಿ ಮುಗಿಸಿದ್ದ ಹೆಂಗಸು ತಲೆಯೆತ್ತಿ ನಕ್ಕಳು. ನೀವು ಜೇಬಿನಿಂದ ಫೋನು ತೆಗೆದು ಅವಳದೊಂದು ಫೋಟೋ ತೆಗೆದಿರಿ. ನನ್ನ ಕಣ್ಣು ಅವಳ ಮೇಲಿರಲಿಲ್ಲ, ಫೋನಿನ ಮೇಲಿತ್ತು. ಹಿಂದುಗಡೆ ದುಂಡು ಕ್ಯಾಮೆರಾ, ಕಪ್ಪು ಬಣ್ಣ. ಕಲ್ಪನ ನನಗೆ ಕೊಟ್ಟ ಅದೇ ಮಾಡೆಲ್ಲು! ನನ್ನನ್ನು ಕಾಯಲು ಐಫೋನು, ಸಂಸಾರ ಮಾಡಲು ಕೂಲಿಯವರ ಫೋನು. ಹುಟ್ಟಿಸಿದ ಮಗಳಿಗೆ ಮಸ್ಕತ್ತು, ಇವಳಿಗೆ ಕುಪ್ಪಂ. ನಾನು ಅತ್ತೆಯ ಕಡೆ ತಿರುಗಿದೆ. ಕಣ್ಣು ಮಂಜಾಗಿದ್ದರೂ ತಾಯಿಗೆ ಮಗನ ನಡಿಗೆ ಗೊತ್ತು. ಕೈಲಿದ್ದ ಟೀ ಸೀರೆಯ ಮೇಲೆ ಚೆಲ್ಲಿತ್ತು, ಅವರಿಗೆ ಅದು ತಿಳಿದಿರಲಿಲ್ಲ. ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ನೀವು ಗೇಟು ಹಾಕಿಕೊಂಡು ಒಳಗೆ ಹೋಗುವವರೆಗೂ ನೋಡಿ, ಎದ್ದರು. ಡಾಕ್ಟರ ಹತ್ತಿರ ಕಣ್ಣು ತೋರಿಸಿಕೊಂಡರು. ರೈಲಿನಲ್ಲಿ ಬಿಸಾನತ್ತಂ ಸ್ಟೇಷನ್ ದಾಟಿದ ಮೇಲೆ, ಕಿಟಕಿಯಿಂದ ಆಚೆ ನೋಡುತ್ತಲೇ, "ಮಸ್ಕತ್ತು ಇಷ್ಟ್ ಅತ್ರ ಐತೆ ಅಂತ ನಂಗೊತ್ತಿರ್ಲಿಲ್ಲ ಕಣೇ" ಎಂದರು.

ಮಾರನೆಯ ದಿನ ಅವರೇ ದೊಡ್ಡಪ್ಪನವರನ್ನೂ ಅವತ್ತು ಕೂತಿದ್ದ ಹಿರಿಯರನ್ನೂ ಕರೆಸಿದರು. ಈ ಸಲ ನಾನು ಕಾಫಿ ಮಾಡಲಿಲ್ಲ. ಅತ್ತೆ ನಿಂತುಕೊಂಡೇ ಹೇಳಿದರು: "ನಾನೇ ನೋಡ್ದೆ. ಯಾವ ಮ್ಯಾಪೂ ಅಲ್ಲ, ಯಾವ ಚುಕ್ಕೀನೂ ಅಲ್ಲ. ನನ್ ಒಟ್ಟೇಲಿ ಉಟ್ಟಿದ್ದು, ನಾನೇ ನೋಡ್ದೆ." ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ಲಿಖಿತ ಅವತ್ತು ಬಾಗಿಲ ಸಂದಿಯಲ್ಲಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದಳು, ನಾನೇ ಕೂರಿಸಿಕೊಂಡಿದ್ದೆ. ಅತ್ತೆ ನನ್ನ ಹತ್ತಿರ ತಪ್ಪಾಯಿತು ಎಂದು ಇವತ್ತಿಗೂ ಅಂದಿಲ್ಲ. ಜನ ಎದ್ದುಹೋದ ಮೇಲೆ ಕೊಟ್ಟಿಗೆಗೆ ಬಂದು, "ಮದ್ಯಾನದ್ ಆಲು ನಾನ್ ಕರೀತೀನಿ. ನೀನು ಆ ಕೇಕ್ ಮನೆಗ್ ಓಗು. ಒಲಿಗೆ ಅಂತ ಸುಳ್ ಏಳ್ಬ್ಯಾಡ" ಎಂದು ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡರು.

ಮಸ್ಕತ್ತಿನ ಕೆಲಸ ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ ನನಗೆ ಗೊತ್ತಿಲ್ಲ. ಬರಿಗೈಯಲ್ಲಿ ಬಂದು ಬಾಗಿಲು ತಟ್ಟಿದ್ದರೂ ತೆಗೆಯುತ್ತಿದ್ದೆ. ಈಗ ತೆಗೆಯುವುದಿಲ್ಲ. ಈ ಮನೆಯಲ್ಲಿ ನಾನೂ ಲಿಖಿತಳೂ ಇರುತ್ತೇವೆ. ಹಾಗೆಂದು ನಿಮ್ಮ ತಾಯಿಯೇ ದೊಡ್ಡಪ್ಪನವರ ಬಾಯಲ್ಲಿ ಹೇಳಿಸಿದ್ದಾರೆ. ಇದು ಕೋರ್ಟಿನ ಕಾಗದವಲ್ಲ, ಅದು ಬೇರೆ ಬರುತ್ತದೆ, ತೆಲುಗಿನಲ್ಲಿ ಓದಿಸಿಕೊಳ್ಳಬೇಕಾಗಿಲ್ಲ, ಕನ್ನಡದಲ್ಲೇ ಇರುತ್ತದೆ. ಆ ಹೆಂಗಸಿನ ಮೇಲೆ ನನಗೆ ಕೋಪವಿಲ್ಲ. ನಮ್ಮ ವಿಷಯ ಅವಳಿಗೇನು ಹೇಳಿದ್ದೀರೋ. ಒಂದು ಮಾತು ಮಾತ್ರ ಅವಳನ್ನು ಕೇಳಬೇಕೆನಿಸುತ್ತದೆ: ಅವಳ ಫೋನಿಗೆ ಪಾಸ್‌ವರ್ಡ್ ಇಟ್ಟವರು ಯಾರು?

ಅಪ್ಪನ ನಗು ವಾಪಸ್ ಬರುವುದಿಲ್ಲ. ಆ ದನಿ ಹೇಗಿತ್ತೆಂದು ಈಗಲೇ ಸ್ವಲ್ಪ ಸ್ವಲ್ಪ ಮರೆಯುತ್ತಿದೆ. ಅದಕ್ಕೆ ಕ್ಷಮೆಯಿಲ್ಲ. ನಿಮಗೂ ಏನಾದರೂ ಕಳೆಯಲೇಬೇಕಿತ್ತು. ನಿಮ್ಮ ಮಾತಿಗೆ ಊರಲ್ಲಿದ್ದ ಬೆಲೆ ಕಳೆಯಿತು. ಲಿಖಿತಳ ಮುಂದೆ ನಾನು ಏನನ್ನೂ ಮುಚ್ಚಿಡಲಿಲ್ಲ. ಅವಳು ಒಂದು ಹೊತ್ತು ಅತ್ತಳು, ಆಮೇಲೆ ಶುಂಠಿ ಕಷಾಯದ ವಿಷಯ ಬರೆಯಬೇಡ ಎಂದಳು. ನಾನೇ ಬರೆದೆ.

ಕಫ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ. ನೂರು ವರ್ಷ ಬಾಳಿ, ಇದನ್ನೆಲ್ಲ ನೆನೆಯುತ್ತಾ ಬಾಳಿ ಎಂದು ಹರಸುವ,

ಚಿಕ್ಕವೆಂಕಟಪ್ಪನವರ ಮಗಳು
ಅರ್ಚನ

ಮರೆತಿದ್ದೆ, ಆತುರದಲ್ಲಿ ಬರೆಯುತ್ತಿದ್ದೇನೆ, ರೈಲಿಗೆ ಹೊತ್ತಾಗುತ್ತಿದೆ: ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಎದುರಿಗೆ ನಿಂತಿರುವವರು ದೊಡ್ಡಪ್ಪ. ಅವರು ಮುಂದಿನ ರೈಲಿಗೆ ವಾಪಸಾಗುತ್ತಾರೆ. ಗೇಟಿನ ಹೊರಗೆ ನಿಂತಿರುವ ಅತ್ತೆ ವಾಪಸಾಗುವುದಿಲ್ಲ. ತಮ್ಮ ಸೀರೆಗಳು, ರಾಗಿಹಿಟ್ಟು, ಎಲೆಅಡಿಕೆ ಕುಟ್ಟುವ ಕಲ್ಲು ಎಲ್ಲ ಕಟ್ಟಿಕೊಂಡು ಬಂದಿದ್ದಾರೆ. ನೀವಾಗಿ ಊರಿಗೆ ಬಂದು ಜಗುಲಿಯ ಮೇಲೆ ನಿಂತು, ಎಲ್ಲರ ಮುಂದೆ, ಲಿಖಿತಳ ಮುಂದೆ ನಿಜ ಹೇಳುವವರೆಗೂ ನಿಮ್ಮ ಜೊತೆಗೇ ಇರುತ್ತಾರಂತೆ. ಆ ಮನೆಯಲ್ಲಿ ಅವರು ಹಾಸಿಗೆ ಹಾಕುವುದು ನಡುಮನೆಯಲ್ಲೇ, ಬಾಗಿಲಿಗೆ ಎದುರಾಗಿ. ಬೇಗ ಗೇಟು ತೆಗೆಯಿರಿ, ನಿಂತರೆ ಅವರಿಗೆ ಮಂಡಿ ನೋಯುತ್ತದೆ.